ಹಲ್ಲು ಅಲ್ಲಾಡಿದ ವಾರ

ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಮಡಿಲಲ್ಲಿಟ್ಟುಕೊಂಡು ಹಿತುಕುತ್ತಾ ಕೂತಿದ್ದೆ. ಹಾಸ್ಟೆಲಿನ ಹುಡುಗಿಯರಿಗೆ ಕಳಿಸಬೇಕಾದ ಊಟದ ಡಬ್ಬಿಗಳು ಗೋಡೆಗೆ ಸಾಲಾಗಿ ಬಾಯಿ ತೆರೆದುಕೊಂಡು ಕಾಯುತ್ತಿದ್ದವು. ಕಾಳನ್ನು ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿದರೆ ಬೇಳೆ ಪುಳಕ್ಕನೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಈ ಕೆಲಸಕ್ಕೆ ಕೂತರೆ ನನಗೆ ಯಾರ ಮೇಲಿನ ಸಿಟ್ಟೂ ನೆನಪಿರುವುದಿಲ್ಲ. ಅಷ್ಟರಲ್ಲಿ ಸಿಂಗಾರಿ ಹಾಸಿಗೆಯಿಂದ ಎದ್ದವಳೇ ಕೆದರಿದ ತಲೆಯಲ್ಲಿ ಬಂದು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೆಳತುಟಿಯನ್ನು ಬೆರಳಿಂದ ಕೆಳಗೆಳೆದಳು.

"ದೇವೀರಿ, ನೋಡು. ಇದು ಅಲ್ಲಾಡ್ತಾ ಐತೆ."

ಕೈಯಲ್ಲಿದ್ದ ಕಾಳು ಬಟ್ಟಲಿನ ಬದಲು ಒಲೆಯ ಬೂದಿಗೆ ಬಿತ್ತು. ಮುಂದಿನ ಸಾಲಿನ ನಡುವಿನ ಹಲ್ಲು. ನಾಲಗೆ ತಾಗಿದರೆ ಸಾಕು, ಸಡಿಲಾದ ಅಗುಳಿಯ ಹಾಗೆ ಆಚೀಚೆ ಆಡುತ್ತಿತ್ತು. ಮಗಳ ಮೊದಲ ಹಲ್ಲು ಅಲ್ಲಾಡುವುದನ್ನು ಕಂಡಾಗ ಬೇರೆ ತಾಯಂದಿರು ಏನು ಕೇಳುತ್ತಾರೋ ನನಗೆ ಗೊತ್ತಿಲ್ಲ. ನಾನು ಕೇಳಿದ್ದು ಒಂದೇ. "ಮಹಡಿಯವಳಿಗೆ ಹೇಳಿದ್ಯಾ?"

"ಇಲ್ಲ. ಈಗ್ತಾನೆ ಎದ್ದೆ."

"ಹೇಳ್ಬೇಡ. ಅವಳ ಮುಂದೆ ಬಾಯಿ ಅಗಲಿಸಿ ನಗಲೂಬೇಡ."

"ಯಾಕೆ? ದೇವೀರಿ, ನಾನು ಒಂದು ಕೇಳ್ಲಾ?"

"ಆಮೇಲೆ ಕೇಳೀಯಂತೆ. ಆ ಅನ್ನು," ಎಂದು ತಂಗಳು ರೊಟ್ಟಿಗೆ ಬೆಣ್ಣೆ ಸವರಿ, ತುತ್ತು ಮುರಿದು ಅವಳ ಬಾಯಿಗಿಟ್ಟೆ.

ನಮ್ಮೂರಿನ ಮಕ್ಕಳು ಮೊದಲ ಹಲ್ಲು ಬೀಳುವವರೆಗೆ ಯಾರನ್ನೂ ಅವ್ವ ಎಂದು ಕರೆಯುವುದಿಲ್ಲ. ಹೆತ್ತವಳನ್ನೂ ಹೆಸರು ಹಿಡಿದೇ ಕೂಗುತ್ತವೆ. ಯಾರ ಕೈತುತ್ತು ತಿಂದು ಬೆಳೆಯುತ್ತೇವೋ ಅವರ ಲೋಹ ನಮ್ಮ ರಕ್ತದಲ್ಲಿ ಉಳಿಯುತ್ತದೆ, ಒಬ್ಬೊಬ್ಬರದು ಒಂದೊಂದು. ಬಡಿಸಿಟ್ಟ ತಟ್ಟೆಗೆ ಲೆಕ್ಕವಿಲ್ಲ, ಬೆರಳಿಂದ ಬಾಯಿಗೆ ಹೋದದ್ದು ಮಾತ್ರ. ಹಲ್ಲು ಬಿದ್ದ ವಾರದ ಶನಿವಾರ ಮಗುವನ್ನು ಗುಡ್ಡದ ಮೇಲಿನ ವಿಶ್ವವಿದ್ಯಾಲಯಕ್ಕೆ ಕರೆದೊಯ್ಯುತ್ತೇವೆ. ಅಲ್ಲಿ ಮಗುವಿನಿಂದ, ಹೊಂದಿಸಿ ನೋಡಲು ತುತ್ತಿಟ್ಟವರಿಂದಲೂ, ಒಂದೊಂದು ಹನಿ ರಕ್ತ ತೆಗೆದು, ಅದರ ಜೀವಕೋಶಗಳನ್ನು ಒಂದೊಂದಾಗಿ ಯಂತ್ರದ ಬೆಂಕಿಯಲ್ಲಿ ಹಾಯಿಸಿ, ಮಗುವಿನಲ್ಲಿ ಯಾರ ಲೋಹ ಹೆಚ್ಚಿದೆ ಎಂದು ಎಣಿಸಿ ಹೇಳುತ್ತಾರೆ. ಆ ಹೊತ್ತಿನಿಂದ ಮಗು ಅವರನ್ನು ಅವ್ವ ಎನ್ನುತ್ತದೆ. ಮಿಕ್ಕವರೆಲ್ಲ ಸಾಯುವವರೆಗೂ ಹೆಸರಿಗೇ ಓಗೊಡಬೇಕು.

ಹಿಟ್ಟಿನ ಗಿರಣಿಯ ಮುದ್ದಯ್ಯನನ್ನು ಅವನ ಮೊಮ್ಮಗ ಅವ್ವ ಎಂದೇ ಕರೆಯುವುದು. "ಅವ್ವಾ, ಗಿರಣಿ ಬೆಲ್ಟು ಹರಿದೋಯ್ತು" ಎಂದು ಹುಡುಗ ಬೀದಿಗೆ ಕೇಳುವಂತೆ ಕೂಗಿದರೆ, ಮುದ್ದಯ್ಯ ಮೀಸೆಯ ಹಿಟ್ಟು ಕೊಡವುತ್ತಾ "ಬಂದೆ ಕಂದಾ" ಎಂದು ಓಡುತ್ತಾನೆ. ಅದನ್ನು ಕೇಳಿ ಯಾರೂ ನಗುವುದಿಲ್ಲ. ಆದರೆ ಪಕ್ಕದ ಮನೆಯ ಈರಕ್ಕ ಇದ್ದಾಳೆ. ಅವಳ ಮಗ ಅವ್ವ ಎನ್ನುವುದು ಅವಳ ತಂಗಿಯನ್ನು. ಅವನು "ಈರೀ, ನೀರು ಕಾದೈತಾ?" ಎಂದು ಕೇಳುವಾಗ ಅವಳು ಮುಖವನ್ನು ಹಂಡೆಯ ಕಡೆಗೆ ತಿರುಗಿಸಿಕೊಂಡು ಉತ್ತರ ಕೊಡುತ್ತಾಳೆ. ಈರಕ್ಕನ ಪ್ರಕಾರ ಅವಳು ಸೋತದ್ದಕ್ಕೆ ಕಾರಣ ಒಂದೇ. ಮಗ ಆಟಕ್ಕೆ ತಿನ್ನಿಸಿದ್ದನ್ನೆಲ್ಲ ಅವಳು ಬಾಯಿ ಚಾಚಿ ತಿಂದುಬಿಟ್ಟಿದ್ದಳಂತೆ.

"ಎಣಿಕೆಗೆ ಮುಂಚೆ ಕೂಸಿನ ಕೈಯಿಂದ ಒಂದು ಅಗುಳೂ ತಿನ್ಬೇಡ ಕಣೇ ದೇವೀರಿ," ಎಂದು ಸಿಂಗಾರಿ ತೊಟ್ಟಿಲಲ್ಲಿದ್ದಾಗಲೇ ಅವಳು ನನಗೆ ಹೇಳಿದ್ದಳು. "ಅವರದ್ದು ನಮ್ಮೊಳಕ್ಕೆ ಬಂದ್ರೆ ನಮ್ಮದು ತೆಳ್ಳಗಾಗೋಯ್ತದೆ. ನಾನು ಕೆಟ್ಟಿದ್ದು ಸಾಕು, ನೀನು ಕೆಡಬೇಡ."

ನಾನು ಆ ಮಾತು ಮೀರಿದವಳಲ್ಲ. ಸಿಂಗಾರಿ ತನ್ನ ತಟ್ಟೆಯಿಂದ ಪುಟ್ಟ ತುತ್ತು ಮಾಡಿ ನನ್ನ ಕಡೆ ಚಾಚಿದಾಗಲೆಲ್ಲ, ಅವಳ ಮಣಿಕಟ್ಟು ಹಿಡಿದು ಅದೇ ತುತ್ತನ್ನು ಅವಳ ಬಾಯಿಗೇ ತಿರುಗಿಸುತ್ತಿದ್ದೆ. "ನೀನು ತಿಂದ್ರೆ ನನ್ನ ಹೊಟ್ಟೆ ತುಂಬ್ತು ಬಂಗಾರಿ" ಎನ್ನುತ್ತಿದ್ದೆ. ಅವಳು ಅಗಿಯುತ್ತಾ ನನ್ನನ್ನೇ ನೋಡುತ್ತಿದ್ದಳು.

ಈಗ ಮಹಡಿಯವಳ ವಿಷಯ. ಅವಳ ಹೆಸರು ನಳಿನಾಕ್ಷಿ. ವಿಶ್ವವಿದ್ಯಾಲಯದ ಆ ಎಣಿಕೆ ಕೇಂದ್ರದಲ್ಲಿ ಯಂತ್ರ ನಡೆಸುವುದು ಅವಳೇ. ಸಿಂಗಾರಿ ಅಂಬೆಗಾಲಿಡುವ ಹೊತ್ತಿಗೆ ಒಂದು ಪೆಟ್ಟಿಗೆ, ಒಂದು ಚಾಪೆ ಹಿಡಿದುಕೊಂಡು ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದವಳು. ಹೊರಗಿನ ಊರಿನವಳು. ಹೊರಗಿನವರ ರಕ್ತದಲ್ಲಿ ಯಾವ ಲೋಹವೂ ಇರುವುದಿಲ್ಲವಂತೆ. ಸೋಮವಾರದಿಂದ ಶುಕ್ರವಾರದವರೆಗೆ ದೂರದ ಆಸ್ಪತ್ರೆ, ಕಾಲೇಜುಗಳಿಂದ ಐಸಿನ ಡಬ್ಬಿಗಳಲ್ಲಿ ಹೊರಗಿನವರ ರಕ್ತ ಪರೀಕ್ಷೆಗೆ ಬರುತ್ತದೆ, ಅದಕ್ಕೆ ಕೇಂದ್ರದವರೇ ಲೋಹ ಸೇರಿಸಿ ಯಂತ್ರಕ್ಕೆ ಬಿಡಬೇಕು. ಪಾಪ, ಯಾರ ಕೈಯಿಂದ ತಿಂದು ಬೆಳೆದವರೋ ಎಂದು ನಮ್ಮೂರಿನವರು ಮರುಗುತ್ತಾರೆ. ಹಾಗಾದರೆ ನಳಿನಾಕ್ಷಿಯಿಂದ ನನಗೆ ಭಯವಿರಬಾರದಿತ್ತು. ಆದರೆ ನಮ್ಮ ಬಾವಿಯ ನೀರು ನಾಲ್ಕಾರು ವರ್ಷ ಕುಡಿದವರಿಗೆ ಹೊರಗಿನವರಾದರೂ ಲೋಹ ಹತ್ತುತ್ತದೆ ಎನ್ನುವವರೂ ಇದ್ದಾರೆ. ಹೊಟ್ಟೆಕಿಚ್ಚಿಗೆ ಎರಡು ಮಾತು ಕೇಳಿಸಿದರೆ ಅದು ನಂಬುವುದು ಸುಡುವ ಮಾತನ್ನೇ.

ಅವಳು ಸಂಜೆ ಗುಡ್ಡದಿಂದ ಇಳಿದು ಬರುವ ಹೊತ್ತಿಗೆ ನಾನು ರಾತ್ರಿಯ ಡಬ್ಬಿಗಳಿಗೆ ಮುದ್ದೆ ತಿರುವುತ್ತಾ ನಿಂತಿರುತ್ತೇನೆ. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೇಳಿದ್ದೇ ತಡ, ನನ್ನ ಸೆರಗು ಹಿಡಿದು ನಿಂತಿದ್ದ ಸಿಂಗಾರಿ ಮಾಯ. ಆಮೇಲೆ ಮೇಲಿನಿಂದ ನಗು. ನನ್ನ ಹತ್ತಿರ ಅವಳು ಹಾಗೆ ನಗುವುದಿಲ್ಲ. ನನ್ನ ಹತ್ತಿರ ನಕ್ಕರೆ ಹಲ್ಲು ಕಾಣುತ್ತದೆ, ಅಲ್ಲಿ ನಕ್ಕರೆ ಉಸಿರೇ ಸಿಕ್ಕಿಕೊಂಡು ನೆಲಕ್ಕೆ ಉರುಳಿದ ಸದ್ದು. ಮುದ್ದೆ ಗಂಟಾಗುತ್ತಿತ್ತು. ಹಾಸ್ಟೆಲಿನ ಹುಡುಗಿಯರು "ಯಾಕಕ್ಕ, ಈಚೆಗೆ ಮುದ್ದೆ ಕೈಗೆ ಅಂಟುತ್ತೆ" ಎಂದು ಹೇಳಿ ಕಳಿಸುತ್ತಿದ್ದರು.

ಕೆಳಗಿಳಿದು ಬಂದ ಸಿಂಗಾರಿಯ ಬಾಯಿಯನ್ನು ನಾನು ಮೂಸಿ ನೋಡುತ್ತಿದ್ದೆ. ಕೆಲವು ದಿನ ಬಾಳೆಹಣ್ಣು, ಕೆಲವು ದಿನ ಮಂಡಕ್ಕಿ ಒಗ್ಗರಣೆ. ಬೆರಳುಗಳ ತುದಿಯಲ್ಲೂ ಅದೇ ವಾಸನೆ.

"ಏನು ತಿಂದೆ?"

"ಒಂಚೂರು."

"ಯಾರು ತಿನ್ನಿಸಿದ್ದು?"

"ನಾವು ಮನೆಯಾಟ ಆಡಿದ್ವಿ," ಎನ್ನುತ್ತಿದ್ದಳು. ಆಮೇಲೆ ಯಂತ್ರದ ಕತೆ ಶುರು. "ದೇವೀರಿ, ಒಂದೊಂದು ಕಣಾನೂ ಮಂಜಿನ ಹನಿ ಥರ ಹಾರ್ಕೊಂಡು ಬಂದು ಬೆಂಕಿ ಒಳಕ್ಕೆ ಹೋಯ್ತದಂತೆ. ಉರಿದೋಯ್ತದಂತೆ. ಆವಾಗ ಅದರೊಳಗಿರೋ ಲೋಹಗಳೆಲ್ಲ ಓಟದ ಪಂದ್ಯ ಓಡ್ತಾವಂತೆ. ಹಗುರ ಇರೋದು ಮೊದಲು ಬತ್ತದೆ, ಭಾರ ಇರೋದು ಹಿಂದೆ. ನಳಿನಾಕ್ಷಿ ಬಂದೋರ ಹೆಸರು ಹೇಳ್ತಾಳಂತೆ. ಕಣಕ್ಕೆ ನೋಯಲ್ವಾ?" ನನಗೆ ಕಣದ ನೋವು ಕೇಳಿಸಲಿಲ್ಲ. ನಳಿನಾಕ್ಷಿ, ನಳಿನಾಕ್ಷಿ ಎನ್ನುವುದೊಂದೇ ಕೇಳಿಸಿತು.

ಹಲ್ಲು ಅಲ್ಲಾಡಿದ ಆ ವಾರ ನಾನು ಮಾಡಿದ್ದನ್ನು ನಮ್ಮೂರಿನ ಯಾವ ಹೆಂಗಸೂ ತಪ್ಪು ಎನ್ನಲಾರಳು. ಹಲ್ಲು ಸಡಿಲಾದ ಮಕ್ಕಳು ನಮ್ಮಲ್ಲಿ ದುಂಡಗಾಗುವುದು ವಾಡಿಕೆ. ಅಜ್ಜಿ, ಅತ್ತೆ, ಚಿಕ್ಕಮ್ಮಂದಿರು ಸಂದಿಗೊಂದಿಗಳಲ್ಲಿ ಕಾದಿದ್ದು ತುತ್ತಿಡುತ್ತಾರೆ. ನಮ್ಮ ಮನೆಯಲ್ಲಿ ಕಾಯುವವಳು ನಾನೊಬ್ಬಳೇ, ಅದಕ್ಕೆ ನಾನು ಎಲ್ಲರ ಪಾಲಿನ ಕೆಲಸವನ್ನೂ ಮಾಡಿದೆ. ಹಿತಕಿದ ಅವರೆಬೇಳೆ ಸಾರಿಗೆ ಮುದ್ದೆ ಅದ್ದಿ ಕೊಟ್ಟೆ. ಎಳ್ಳುಂಡೆ ಪುಡಿಮಾಡಿ ಕೊಟ್ಟೆ. ಜಡೆ ಹೆಣೆಯುತ್ತಾ ಒಂದು ಕೈಯಲ್ಲಿ ಕೊಟ್ಟೆ. ಕೊಡುವಾಗೆಲ್ಲ ಅವಳು ಬಾಯಿ ತೆರೆದು "ದೇವೀರಿ, ಒಂದು ಕೇಳ್ಲಾ" ಎನ್ನುವಳು. ಬಾಯಿ ತೆರೆದದ್ದೇ ನನಗೆ ಸಾಕಾಗುತ್ತಿತ್ತು, ತುತ್ತು ಒಳಗೆ ಹೋಗಿಬಿಡುತ್ತಿತ್ತು. ಅಗಿದು ನುಂಗುವಷ್ಟರಲ್ಲಿ ಅವಳಿಗೂ ಮಾತು ಮರೆತಂತಾಗಿ ಸುಮ್ಮನಾಗುವಳು.

"ಮಗೀಗೆ ಅಜೀರ್ಣ ಮಾಡಿಬಿಟ್ಟೀಯೇ," ಎಂದರು ನಮ್ಮ ಯಜಮಾನರು. ಅವರು ವಿಶ್ವವಿದ್ಯಾಲಯಕ್ಕೆ ಆರ್ಗಾನ್ ಅನಿಲದ ಸಿಲಿಂಡರು ಸಾಗಿಸುವ ವ್ಯಾನು ಓಡಿಸುತ್ತಾರೆ. ಆ ಅನಿಲವಿಲ್ಲದೆ ಯಂತ್ರದ ಬೆಂಕಿ ಹೊತ್ತುವುದಿಲ್ಲವೆಂದು ಅವರಿಗೆ ಒಂದು ಜಂಬ. "ಅಷ್ಟು ದಿಗಿಲಿದ್ರೆ ಹೇಳು, ಸಿಲಿಂಡರೇ ಇಳಿಸಲ್ಲ. ಬೆಂಕೀನೂ ಇಲ್ಲ, ಎಣಿಕೇನೂ ಇಲ್ಲ."

"ನಿಮಗೇನು, ಯಾರನ್ನ ಅವ್ವ ಅಂದ್ರೂ ಊಟ ಸಿಕ್ತದೆ."

"ನಾನೂ ಒಂದು ಹನಿ ಕೊಡ್ತೀನಿ ಬಿಡು. ಅವ್ವ ಆಗೋ ಯೋಗ ನನಗೇ ಇದ್ರೆ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಗುರುವಾರ ಸಂಜೆ ತಡೆಯಲಾಗಲಿಲ್ಲ. ಒಲೆ ತಗ್ಗಿಸಿ, ಚಪ್ಪಲಿ ಬಿಟ್ಟು, ಮಹಡಿಯ ಮೆಟ್ಟಿಲು ಹತ್ತಿದೆ. ಬಾಗಿಲು ಮುಚ್ಚಿತ್ತು. ಒಳಗಿಂದ ನಳಿನಾಕ್ಷಿಯ ದನಿ: "ಅಬ್ಬಬ್ಬಾ, ಇಷ್ಟು ದೊಡ್ಡ ತುತ್ತಾ!" ಬೆನ್ನಿಗೇ ಸಿಂಗಾರಿಯ ನಗು, ಉಸಿರು ಸಿಕ್ಕಿಕೊಳ್ಳುವ ಆ ನಗು. ಆಮೇಲೆ ಬಾಯ್ತುಂಬ ಅಗಿಯುವಾಗಿನ ಮೌನ. ಬಾಗಿಲಿಗೆ ಕೈ ಎತ್ತಿದವಳು ಹಾಗೇ ಇಳಿಸಿದೆ. ಕೆಳಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆನಂತೆ. ಆ ರಾತ್ರಿ ಡಬ್ಬಿಗಳು ಹಾಗೆಯೇ ವಾಪಸು ಬಂದವು.

ಮಾರನೆಯ ಬೆಳಿಗ್ಗೆ ರೊಟ್ಟಿ ಕಚ್ಚುವಾಗ ಹಲ್ಲು ಬಿತ್ತು. ಸಿಂಗಾರಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂಗುತ್ತಾ ಓಡಿದ್ದು ಮೆಟ್ಟಿಲ ಕಡೆಗೆ. ನಾನೂ ಹಿಂದೆಯೇ ಓಡಿದೆ. ನಳಿನಾಕ್ಷಿ ಕೆಲಸಕ್ಕೆ ಹೊರಡಲು ಸೀರೆಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು.

"ಹಲ್ಲು ಬಿತ್ತಾ ಪುಟ್ಟಿ! ಇಷ್ಟು ದಿನ ಬಾಯಿ ಮುಚ್ಚಿ ನಗ್ತಿದ್ದೆ, ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?" ಎಂದು ಅವಳ ಗಲ್ಲ ಹಿಡಿದು ನೋಡಿದಳು. ನನ್ನ ಕಡೆ ತಿರುಗಿ, "ನಾಳೆ ಬೇಗ ಬನ್ನಿ ದೇವೀರಿಯವರೇ, ಮಕ್ಕಳು ತುಂಬಾ ಇದ್ದಾರೆ" ಎಂದಳು.

"ಬತ್ತೀವಿ. ನೀವೂ ಹನಿ ಕೊಡಿ," ಎಂದೆ.

"ನಾನಾ? ನಾನು ಯಂತ್ರದ ಮುಂದೆ ಕೂರೋಳು."

"ನಾಳೆ ಒಂದು ದಿನ ಬೇರೆಯವರು ಕೂತ್ಕೊಳ್ಳಲಿ. ತುತ್ತಿಟ್ಟವರೆಲ್ಲ ಹನಿ ಕೊಡ್ಬೇಕು ಅನ್ನೋದು ನಿಮ್ಮದೇ ನಿಯಮ ಅಲ್ವಾ? ಬಾಗಿಲು ಹಾಕ್ಕೊಂಡು ತಿನ್ನಿಸೋದು, ಎಣಿಕೆ ಬಂದಾಗ ನಾನಲ್ಲ ಅನ್ನೋದು, ಅದ್ಯಾವ ಸೀಮೆ ನ್ಯಾಯ?"

ಅವಳ ಕೈ ಪಿನ್ನಿನ ಮೇಲೇ ನಿಂತಿತು. ಸಿಟ್ಟು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. ಸಿಂಗಾರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಬಾಗಿಲು ಹಾಕೋದು ಬೆಕ್ಕು ನುಗ್ಗುತ್ತೆ ಅಂತ," ಎಂದಳು. "ಆಗಲಿ, ಕೊಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

ಆ ಕೊನೆಯ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ನಿಂತಿತು. ಗೆಲ್ಲುವವಳೇ ಹಾಗೆ ಹೇಳುವುದು.

ಶನಿವಾರ ವ್ಯಾನಿನಲ್ಲಿ ಸಿಲಿಂಡರುಗಳ ಪಕ್ಕದಲ್ಲೇ ಕೂತು ಗುಡ್ಡ ಹತ್ತಿದೆವು. ಮಡಿಲಲ್ಲಿ ಮೊಸರನ್ನದ ಡಬ್ಬಿ. ಎಣಿಕೆ ಮುಗಿದ ಮೇಲೆ ಕೇಂದ್ರದ ಮೆಟ್ಟಿಲ ಮೇಲೆ ಡಬ್ಬಿ ತೆರೆಯಬೇಕು, ಮಗು ತನ್ನ ಕೈಯಿಂದ ಮೊದಲ ತುತ್ತನ್ನು ಗೆದ್ದವರ ಬಾಯಿಗಿಟ್ಟು ಅವ್ವ ಎನ್ನಬೇಕು. ಹಾಗೆಂದು ಎಲ್ಲರೂ ಡಬ್ಬಿ ಒಯ್ಯುತ್ತಾರೆ. ಎಷ್ಟೋ ಜನ ತಾವು ಕಲಸಿದ ಅನ್ನ ಬೇರೆಯವರ ಬಾಯಿಗೆ ಹೋಗುವುದನ್ನು ನೋಡಿ ಬರುತ್ತಾರೆ. ಈರಕ್ಕ ಹಾಗೆ ನೋಡಿ ಬಂದವಳು. ಆ ದಿನದ ಡಬ್ಬಿಯನ್ನು ಅವಳು ಮತ್ತೆ ಬಳಸಿಲ್ಲ, ಅದರಲ್ಲಿ ಗುಂಡಿ, ಸೂಜಿ ಇಟ್ಟುಕೊಂಡಿದ್ದಾಳೆ.

ಕೇಂದ್ರದ ಒಳಗೆ ಗಾಳಿ ತಣ್ಣಗೆ, ಆಸ್ಪತ್ರೆಗಿಂತ ಹೆಚ್ಚು ಚೊಕ್ಕಟ. ಸಿಂಗಾರಿ ಬೆರಳು ಕೊಟ್ಟಳು, ಅಳಲಿಲ್ಲ. ನಾನು ಕೊಟ್ಟೆ, ಯಜಮಾನರು ಕೊಟ್ಟರು. ನಳಿನಾಕ್ಷಿ ತನ್ನ ಬಿಳಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ನಮ್ಮ ಸಾಲಿನಲ್ಲೇ ನಿಂತು ಬೆರಳು ಚಾಚಿದಳು. ಆ ದಿನ ಬಂದವರ ಹನಿಗಳಿಗೆಲ್ಲ ಒಂದೊಂದು ಗುರುತು ಕಟ್ಟಿ, ಆಮೇಲೆ ಎಲ್ಲವನ್ನೂ ಒಂದೇ ಕೊಳವೆಯಲ್ಲಿ ಬೆರೆಸಿಬಿಡುತ್ತಾರೆ. ಒಬ್ಬರಿಗೆ ಬೆಂಕಿ ಹೆಚ್ಚು, ಒಬ್ಬರಿಗೆ ಕಡಿಮೆ ಎಂದಾಗಬಾರದಲ್ಲ. ಉರಿದ ಮೇಲೆ ಗುರುತು ಹಿಡಿದು ಬೇರೆ ಮಾಡುತ್ತಾರೆ. ನನ್ನ ರಕ್ತ, ಅವಳ ರಕ್ತ, ನಡುವೆ ನನ್ನ ಮಗಳದು, ಒಂದೇ ಕೊಳವೆಯಲ್ಲಿ ಕದಡಿದ್ದನ್ನು ನೋಡಲಾರದೆ ಬೇರೆ ಕಡೆ ತಿರುಗಿದೆ. ಯಂತ್ರದ ಪುಟ್ಟ ಗಾಜಿನ ಕಿಟಕಿಯಲ್ಲಿ ಬೆಂಕಿ ಕಾಣುತ್ತಿತ್ತು. ನಮ್ಮ ಒಲೆಯ ಬೆಂಕಿಯ ಹಾಗಲ್ಲ, ಸದ್ದಿಲ್ಲ, ಹೊಗೆಯಿಲ್ಲ, ಹಗಲಲ್ಲಿ ಮರೆತು ಉಳಿದ ನಕ್ಷತ್ರದ ಹಾಗೆ.

"ದೇವೀರಿ," ಎಂದು ಸಿಂಗಾರಿ ನನ್ನ ಕೈ ಜಗ್ಗಿದಳು. "ಈಗ ಕೇಳ್ಲಾ?"

"ಸುಮ್ಕಿರು ಬಂಗಾರಿ, ಈಗಲ್ಲ." ತುತ್ತಿಡಲು ಕೈಯಲ್ಲಿ ಏನೂ ಇರಲಿಲ್ಲ. ಸೆರಗಿನ ಗಂಟಿನಿಂದ ಒಂದು ದ್ರಾಕ್ಷಿ ಬಿಚ್ಚಿ ಬಾಯಿಗಿಟ್ಟೆ.

ನಮ್ಮ ಸರದಿ ಬಂದಾಗ ಪರದೆ ಓದುವ ಹಿರಿಯ ಮೇಡಂ ಕನ್ನಡಕ ಏರಿಸಿಕೊಂಡರು. ಪರದೆಯ ಮೇಲೆ ಸಾಸಿವೆ ಎರಚಿದಂತೆ ಚುಕ್ಕಿಗಳು. ಒಂದು ಚುಕ್ಕಿ ಎಂದರೆ ಉರಿದುಹೋದ ಒಂದು ಕಣ. "ಇದು ಮಗು," ಎಂದರು. "ಕಾವಿ ಬಣ್ಣ ದೇವೀರಿಯದು." ನೋಡಿದೆ. ಕಾವಿ, ಕಾವಿ, ಎಲ್ಲಿ ನೋಡಿದರೂ ಕಾವಿ. ಉಳುಮೆ ಮಾಡಿದ ಕೆಮ್ಮಣ್ಣಿನ ಹೊಲದಂತಿತ್ತು ನನ್ನ ಮಗಳು. ಅಂಚಿನಲ್ಲಿ ಬೆರಳೆಣಿಕೆಯಷ್ಟು ನೀಲಿ ಚುಕ್ಕಿ. "ನಿಮ್ಮ ಯಜಮಾನರು."

"ಕಳ್ಳೆಕಾಯಿ ಮಿಠಾಯಿ ಕಣೇ ಅದು!" ಎಂದು ಅವರು ಕುಣಿದಾಡಿದರು. "ಸಂತೆಯಿಂದ ತಂದು ತಿನ್ನಿಸ್ತಿದ್ನಲ್ಲ, ಉಳ್ಕೊಂಡೈತೆ ನೋಡು!"

"ನಳಿನಾಕ್ಷಿಯದು?" ಎಂದು ಪರದೆಗೆ ಇನ್ನಷ್ಟು ಹತ್ತಿರ ಸರಿದೆ.

"ಇಲ್ಲ. ಒಂದು ಕಣದಲ್ಲೂ ಇಲ್ಲ."

ಕೈ ಮುಗಿದೆನೋ, ಮಗಳನ್ನು ಎತ್ತಿಕೊಂಡೆನೋ ನೆನಪಿಲ್ಲ. ನಳಿನಾಕ್ಷಿಯ ಮುಖ ನೋಡಬೇಕೆನ್ನಿಸಿತು, ಸೋತ ಮುಖ. ಅವಳು ಪರದೆಯನ್ನೇ ನೋಡುತ್ತಾ ಏನನ್ನೋ ಕಾಯುತ್ತಿದ್ದಳು. ಮೇಡಂ ಗುಂಡಿ ಒತ್ತುತ್ತಾ, "ದೊಡ್ಡವರದ್ದೂ ಬಂದಿದೆ, ನೋಡ್ತೀರಾ? ಸಾಮಾನ್ಯವಾಗಿ ಯಾರೂ ನಿಲ್ಲೋದಿಲ್ಲ" ಎಂದರು. ಗೆದ್ದ ಹುಮ್ಮಸ್ಸಿನಲ್ಲಿ ನಿಂತೆ.

ನಳಿನಾಕ್ಷಿಯ ಚುಕ್ಕಿಗಳು ಬಂದವು. ಬಣ್ಣವಿಲ್ಲದ, ಬೂದಿಯಂಥ ಚುಕ್ಕಿಗಳು, ಹೊರಗಿನವರದು ಹೇಗಿರುತ್ತದೋ ಹಾಗೆ. ಅವಳೊಳಗೆ ಯಾರೂ ಇರಲಿಲ್ಲ. ಆದರೆ ಒಂದು ಮೂಲೆಯಲ್ಲಿ, ಆಗಷ್ಟೇ ಮೊಳೆತ ಪೈರಿನ ಹಾಗೆ, ಹಸಿರು. ಎಳೆಯ, ಕಣ್ಣಿಗೆ ತಂಪಾದ ಹಸಿರು.

"ಹಸಿರು ಯಾರದು?"

"ಮಗುವಿನದು," ಎಂದರು ಮೇಡಂ.

ನಾನು ನಳಿನಾಕ್ಷಿಯ ಕಡೆ ತಿರುಗಿದೆ. ಅವಳು ತಗ್ಗಿದ ದನಿಯಲ್ಲಿ, "ನಾನು ಅವಳಿಗೆ ಯಾವತ್ತೂ ತಿನ್ನಿಸಿಲ್ಲ ದೇವೀರಿಯವರೇ. ಮನೆಯಾಟದಲ್ಲಿ ಅವಳೇ ಅವ್ವ, ನಾನು ಕೂಸು. ದಿನಾ ಅವಳೇ ನನಗೆ ತಿನ್ನಿಸೋದು. ಬೇಡ ಅಂದ್ರೆ ಕಣ್ಣಲ್ಲಿ ನೀರು ತುಂಬ್ಕೊಳ್ಳೋಳು. ಅದಕ್ಕೇ..." ಎಂದು ನಿಲ್ಲಿಸಿದಳು.

"ನನ್ನದು ತೋರಿಸಿ," ಎಂದೆ.

ನನ್ನ ಚುಕ್ಕಿಗಳು ಬಂದವು. ತುಂಬ ಅರಿಶಿನದ ಬಣ್ಣ. ಅದು ನನ್ನವ್ವನದು, ನನ್ನ ಎಣಿಕೆಯ ದಿನ ನೋಡಿದ್ದೆ. ಅವಳು ಹೋಗಿ ಎಷ್ಟೋ ಕಾಲವಾದರೂ ಒಂಚೂರೂ ಮಾಸಿರಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ಹುಡುಕಿದೆ. ಅಂಚಿನಲ್ಲಿ ಹುಡುಕಿದೆ, ಮೂಲೆಗಳಲ್ಲಿ ಹುಡುಕಿದೆ. "ಇನ್ನೊಂದ್ಸಲ ನೋಡಿ ಮೇಡಂ, ಎಲ್ಲಾದ್ರೂ ಒಂದು..." ಎಂದೆ. ಅವರು ದೊಡ್ಡದು ಮಾಡಿ ತೋರಿಸಿದರು. ಹಸಿರು ಇರಲಿಲ್ಲ. ಗೆದ್ದ ಮೇಲೆ ಹೊಟ್ಟೆಕಿಚ್ಚು ಆರುತ್ತದೆಂದು ಯಾರು ಹೇಳಿದರೋ. ಅದು ಬೇರೆ ಸೌದೆ ಹಿಡಿದುಕೊಂಡು ಮತ್ತೆ ಉರಿಯತೊಡಗಿತು. ಆ ಹೆಂಗಸಿನೊಳಗೆ ನನ್ನ ಮಗಳು ಮೊಳೆತಿದ್ದಾಳೆ. ನನ್ನೊಳಗೆ ಇಲ್ಲ.

ಹೊರಗೆ ಮೆಟ್ಟಿಲ ಮೇಲೆ ಕೂತೆವು. ಬಿಸಿಲು ಹಿತವಾಗಿತ್ತು. ಬೇರೆ ಮೆಟ್ಟಿಲುಗಳಲ್ಲಿ ಬೇರೆ ಡಬ್ಬಿಗಳು, ಅವ್ವ ಎನ್ನುವ ಹೊಸ ದನಿಗಳು, ಎಲ್ಲೋ ಒಬ್ಬಳು ಮೂಗು ಸೀಟುವ ಸದ್ದು. ನಳಿನಾಕ್ಷಿ ಕೋಟು ತೊಟ್ಟುಕೊಂಡು ಬಾಗಿಲಲ್ಲಿ ನಿಂತವಳು, ನಾವು ಡಬ್ಬಿ ತೆರೆದದ್ದು ಕಂಡು ಮುಖ ತಿರುಗಿಸಿ ಒಳಗೆ ಹೋದಳು. ಯಜಮಾನರು, "ಹೂಂ, ಇಡು ಮಗಾ, ನಿಮ್ಮವ್ವಂಗೆ" ಎಂದು ಹುರಿದುಂಬಿಸಿದರು.

ಸಿಂಗಾರಿ ಕೈ ತೊಳೆದು, ಮೊಸರನ್ನವನ್ನು ಪುಟ್ಟದಾಗಿ ಉಂಡೆ ಮಾಡಿದಳು. ಚೆಲ್ಲದಂತೆ ಕೆಳಗೆ ಇನ್ನೊಂದು ಅಂಗೈ ಹಿಡಿದಳು. ಎಷ್ಟು ಅಚ್ಚುಕಟ್ಟು, ಎಷ್ಟು ಪಳಗಿದ ಕೈ. ಎಲ್ಲಿ ಪಳಗಿತು ಎಂದು ಈಗ ನನಗೆ ಗೊತ್ತು. ನಾನು ಬಾಯಿ ತೆರೆದೆ. ತುತ್ತು ನನ್ನ ತುಟಿಯ ಹತ್ತಿರ ಬಂದು ಅಲ್ಲೇ ನಿಂತಿತು. ಅವಳ ಕಣ್ಣು ನನ್ನ ಕೈಗಳ ಮೇಲಿತ್ತು. ಅವು ಎಂದಿನಂತೆ ಎದ್ದು ಬಂದು ತನ್ನ ಮಣಿಕಟ್ಟು ಹಿಡಿದು ತುತ್ತನ್ನು ತನ್ನ ಕಡೆಗೇ ತಿರುಗಿಸುತ್ತವೆಂದು ಕಾಯುತ್ತಿದ್ದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡೆ. ಹಲ್ಲು ಬಿದ್ದ ಸಂದಿಯಲ್ಲಿ ಅವಳ ನಾಲಗೆಯ ತುದಿ ಒಮ್ಮೆ ಕಂಡು ಮರೆಯಾಯಿತು. ಈ ಸಲ ಅವಳ ಬಾಯಿ ಮುಚ್ಚಲು ನನ್ನ ಹತ್ತಿರ ಏನೂ ಇರಲಿಲ್ಲ.

"ಅವ್ವಾ," ಎಂದಳು, "ನಾನು ಕೊಟ್ಟಿದ್ದನ್ನ ನೀನು ಯಾಕೆ ಒಂದ್ಸಲಾನೂ ತಿನ್ನಲಿಲ್ಲ?"